ಕೋರ್ಟ್ ಕಾಯುತ್ತೆ, ಪೋರ್ಟಲ್ ಕಾಯಲ್ಲ: ಗಡಿಯಲ್ಲಿರುವ ಸೈನಿಕನ ಬಸವನಗುಡಿ ಮನೆ

2025ರ ಜುಲೈ 26, ಕಾರ್ಗಿಲ್ ವಿಜಯ ದಿವಸ. ಅವತ್ತು ಶ್ರೀನಗರದಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ, ಅಂದರೆ ನಾಲ್ಸಾ, ಒಂದು ಹೊಸ ಯೋಜನೆ ಶುರು ಮಾಡಿತು. ಹೆಸರು ‘ವೀರ್ ಪರಿವಾರ್ ಸಹಾಯತಾ ಯೋಜನೆ’. ಚಾಲನೆ ಕೊಟ್ಟವರು ಆಗ ನಾಲ್ಸಾದ ಕಾರ್ಯಕಾರಿ ಅಧ್ಯಕ್ಷರಾಗಿದ್ದ, ಅದೇ ವರ್ಷ ನವೆಂಬರ್‌ನಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಸೂರ್ಯಕಾಂತ್. ಯೋಜನೆಯ ತಿರುಳು ಸರಳ: ನೀವು ಗಡಿ ನೋಡಿಕೊಳ್ಳಿ, ನಿಮ್ಮ ಮನೆಯವರ ಕೋರ್ಟು-ಕಚೇರಿ ವಿಷಯದಲ್ಲಿ ನಾವು ಜೊತೆಗಿರುತ್ತೇವೆ. ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವಿನ ಕ್ಲಿನಿಕ್‌ಗಳು, ಉಚಿತ ವಕೀಲರು, ಸಲಹೆ.

ಒಳ್ಳೆಯ ಯೋಜನೆ. ಆಪರೇಷನ್ ಸಿಂಧೂರ ಮುಗಿದು ಆಗ ಎರಡೂವರೆ ತಿಂಗಳಾಗಿತ್ತಷ್ಟೆ. ಮೇ 7ರಿಂದ 10ರವರೆಗಿನ ಆ ನಾಲ್ಕು ದಿನಗಳಲ್ಲಿ, ರಜೆ ಮೇಲೆ ಊರಿಗೆ ಬಂದಿದ್ದ ಸೈನಿಕರಿಗೆ ತಕ್ಷಣ ವಾಪಸ್ ಬನ್ನಿ ಅಂತ ಕರೆ ಹೋಗಿದ್ದನ್ನು, ಜನ ರೈಲು ನಿಲ್ದಾಣಕ್ಕೆ ಹೋಗಿ ಹಾರ ಹಾಕಿ ಕಳಿಸಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ವಿ.

ಟಿವಿ ತೋರಿಸದೇ ಬಿಟ್ಟಿದ್ದು ಇನ್ನೊಂದಿದೆ. ರಜೆ ಮೇಲೆ ಬರುವ ಸೈನಿಕ ಬರೀ ಮನೆಯವರ ಮುಖ ನೋಡಲು ಬರುವುದಿಲ್ಲ. ತಲೆಯಲ್ಲಿ ಒಂದು ಪಟ್ಟಿ ಇಟ್ಟುಕೊಂಡು ಬಂದಿರುತ್ತಾನೆ. ಬ್ಯಾಂಕಿಗೆ ಹೋಗಬೇಕು, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕು, ವಕೀಲರನ್ನು ನೋಡಬೇಕು, ಮಗುವಿನ ಶಾಲೆ, ಅಮ್ಮನ ಕಣ್ಣಿನ ಆಪರೇಷನ್. ಸಾಮಾನ್ಯ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಅಗ್ನಿವೀರನಿಗೆ ವಾರ್ಷಿಕ ರಜೆ 30 ದಿನ ಮಾತ್ರ. ವರ್ಷದ ಸಂಸಾರವನ್ನೆಲ್ಲ ಅಷ್ಟರಲ್ಲಿ ಮುಗಿಸಬೇಕು. ರಜೆ ಅರ್ಧಕ್ಕೆ ನಿಂತರೆ ಪಟ್ಟಿಯೂ ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ಆ ಮನೆಯನ್ನು ಅವನು ಫೋನಿನಲ್ಲೇ ನಡೆಸಬೇಕು, ಅದೂ ಫೋನು ಸಿಕ್ಕಾಗ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ‘ಇವನು ಊರಲ್ಲಿಲ್ಲ, ಬರಲೂ ಆಗುವುದಿಲ್ಲ’ ಅನ್ನುವುದನ್ನು ನಮ್ಮ ವ್ಯವಸ್ಥೆ ಎಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಎಲ್ಲಿ ತೆಗೆದುಕೊಳ್ಳುವುದಿಲ್ಲ?

ದಂಡು ಬೇರೆ, ಪೇಟೆ ಬೇರೆ

ಬೆಂಗಳೂರಿನಲ್ಲಿ ಮಿಲಿಟರಿ ಅಂದ ಕೂಡಲೇ ನೆನಪಾಗುವುದು ಹಲಸೂರು ಕೆರೆ ಕಡೆಯ ಎಂಇಜಿ, ಜೆ.ಸಿ. ನಗರದ ಪ್ಯಾರಾಚೂಟ್ ರೆಜಿಮೆಂಟ್ ತರಬೇತಿ ಕೇಂದ್ರ. ಹಳಬರ ಬಾಯಲ್ಲಿ ಆ ಭಾಗ ಇವತ್ತಿಗೂ ‘ದಂಡು’. ಈ ಕಡೆ ಪೇಟೆ. 1949ರಲ್ಲಿ ಎರಡೂ ಕಡೆಯ ಮುನಿಸಿಪಾಲಿಟಿಗಳನ್ನು ಸೇರಿಸಿ ಒಂದೇ ಕಾರ್ಪೊರೇಷನ್ ಮಾಡಿದರು. ಜನರ ಮನಸ್ಸಿನಲ್ಲಿ ಗಡಿ ಹಾಗೇ ಉಳಿಯಿತು.

ಪೇಟೆಗೆ ಅಂಟಿಕೊಂಡು ಬೆಳೆದದ್ದು ಚಾಮರಾಜಪೇಟೆ. 1898ರ ಪ್ಲೇಗಿನ ಹೊತ್ತಿಗೆ ಗಾಳಿ-ಬೆಳಕು ಇರುವ ಬಡಾವಣೆಗಳು ಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಎದ್ದವು. ಇವು ಮೇಷ್ಟ್ರು, ವಕೀಲರು, ಗುಮಾಸ್ತರು, ವ್ಯಾಪಾರಸ್ಥರ ಬೀದಿಗಳು ಅಂತಲೇ ಹೆಸರು. ಆದರೆ ಈ ಬೀದಿಗಳಿಂದಲೂ ಸೇನೆಗೆ, ವಾಯುಪಡೆಗೆ, ನೌಕಾಪಡೆಗೆ ಹೋದವರಿದ್ದಾರೆ.

ವ್ಯತ್ಯಾಸ ಎಲ್ಲಿದೆ ನೋಡಿ. ದಂಡಿನ ಕಡೆ ಕ್ವಾರ್ಟರ್ಸ್‌ನಲ್ಲಿದ್ದರೆ ಸೈನಿಕನ ಹೆಂಡತಿಗೆ ಪಕ್ಕದ ಮನೆಯವಳೂ ಸೈನಿಕನ ಹೆಂಡತಿಯೇ. ಯಾವ ಫಾರ್ಮು, ಯಾವ ಕಚೇರಿ, ಯಾರನ್ನು ಕೇಳಬೇಕು ಅನ್ನೋದು ಮೆಟ್ಟಿಲ ಮೇಲೆ ಕೂತು ಮಾತಾಡುವಾಗಲೇ ಗೊತ್ತಾಗುತ್ತದೆ. ಗಾಂಧಿಬಜಾರಿನ ಹಿಂದಿನ ಕ್ರಾಸಿನಲ್ಲೋ, ಮಲ್ಲೇಶ್ವರದ ಎಂಟನೇ ಕ್ರಾಸಿನ ಆಸುಪಾಸಿನಲ್ಲೋ ಅತ್ತೆ-ಮಾವನ ಜೊತೆ ಇರುವವಳಿಗೆ ಆ ಬಳಗ ಇಲ್ಲ. ಇಡೀ ಬೀದಿಗೆ ಅದೊಂದೇ ಸೈನಿಕನ ಮನೆ. ಆಗಸ್ಟ್ 15ಕ್ಕೆ ಕರೆದು ಶಾಲು ಹೊದಿಸುತ್ತಾರೆ. ಆಗಸ್ಟ್ 16ಕ್ಕೆ ವಾರ್ಡ್ ಆಫೀಸಿನಲ್ಲಿ ‘ಓನರ್ ಬರಬೇಕಮ್ಮ’ ಅನ್ನುತ್ತಾರೆ.

ಇನ್ನೊಂದು ಮಾತು. ಈ ಬಡಾವಣೆಗಳ ಆಸ್ತಿ ಅಂದರೆ ತಾತ ತಗೊಂಡ ಸೈಟು, ಅಪ್ಪ ಕಟ್ಟಿಸಿದ ಮಹಡಿ, ಮೂರನೇ ತಲೆಮಾರಿಗೆ ಬಂದು ನಿಂತ ಭಾಗದ ಲೆಕ್ಕ. ಖಾತೆ ಇನ್ನೂ ತೀರಿಹೋದವರ ಹೆಸರಿನಲ್ಲಿರುವುದು ಇಲ್ಲಿ ಅಪರೂಪವಲ್ಲ. ಭೂಮಿಯ ಬೆಲೆ ಏರಿದಷ್ಟೂ ನೆಂಟರ ನೆನಪಿನ ಶಕ್ತಿ ಏರುತ್ತದೆ. ಭಾಗದ ಮಾತು ಬಂದಾಗ ಊರಲ್ಲಿ ಇಲ್ಲದವನೇ ಮೊದಲು ಸೋಲುವವನು.

ಒಂದು ಮನೆ ಅಂದುಕೊಳ್ಳಿ

ಇದು ಯಾರ ಮನೆಯೂ ಅಲ್ಲ, ವಿಷಯ ಬಿಡಿಸಿ ಹೇಳಲು ಇಟ್ಟುಕೊಂಡ ಉದಾಹರಣೆ. ಬಸವನಗುಡಿಯ ಹಳೇ ಮನೆ. ಕೆಳಗೆ ಬಾಡಿಗೆಯವರು, ಮೇಲೆ ಅಮ್ಮ, ಸೊಸೆ, ಮಗು. ಅಪ್ಪ ತೀರಿಕೊಂಡಿದ್ದಾರೆ. ದೊಡ್ಡ ಮಗ ರಾಜಾಜಿನಗರದಲ್ಲಿ ಬೇರೆ ಇದ್ದಾನೆ. ಚಿಕ್ಕವನು ಹವಾಲ್ದಾರ್, ಕುಪ್ವಾರದ ಕಡೆ ಪೋಸ್ಟಿಂಗ್.

ಒಂದು ವರ್ಷದಲ್ಲಿ ಈ ಮನೆಗೆ ಏನೇನು ಬರಬಹುದು? ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ. ಮನೆ ಸಾಲದ ಕಂತು. ಬಿಡಲು ಒಪ್ಪದ ಬಾಡಿಗೆದಾರ. ಖಾತೆಯನ್ನು ಮಕ್ಕಳ ಹೆಸರಿಗೆ ಮಾಡಿಸುವ ಕೆಲಸ, ಅದರ ಜೊತೆ ಇ-ಖಾತಾ. ಇದರ ಮಧ್ಯೆ ಸೋದರತ್ತೆ ನನ್ನ ಭಾಗ ಕೊಡಿ ಅಂತ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕುತ್ತಾರೆ. ಅತ್ತೆಯ ಹಕ್ಕು ನ್ಯಾಯವಾದದ್ದೇ ಇರಬಹುದು, ಅದು ಬೇರೆ ಮಾತು. ಸಮನ್ಸ್ ಬಂದಾಗ ಪ್ರತಿವಾದಿ ಮನೆಯಲ್ಲಿಲ್ಲ.

ಈ ಪಟ್ಟಿಯಲ್ಲಿ ದುಡ್ಡು ಕಟ್ಟುವ ಕೆಲಸಗಳನ್ನು ಹೆಂಡತಿ ಮಾಡಬಲ್ಲಳು. ತೆರಿಗೆ ಯಾರು ಕಟ್ಟಿದರೂ ತಗೊಳ್ಳುತ್ತಾರೆ, ಕಂತು ಅಕೌಂಟಿನಿಂದ ತಾನಾಗಿ ಹೋಗುತ್ತದೆ. ಸಹಿ, ಹಾಜರಿ, ಗುರುತು ಬೇಕಾದ ಕಡೆ ಮಾತ್ರ ಅವಳು ಯಾರೂ ಅಲ್ಲ. ಅಂದರೆ ಯುದ್ಧಕಾಲದಲ್ಲಿ ಮನೆ ನಡೆಸುವ ಭಾರವೆಲ್ಲ ಅವಳದು, ಅಧಿಕಾರವೆಲ್ಲ ಎರಡು ಸಾವಿರ ಕಿಲೋಮೀಟರ್ ಆಚೆ ಇರುವವನದು.

ನೂರು ವರ್ಷದ ಹಿಂದೆ ಯೋಚಿಸಿದವರಿದ್ದರು

ಈ ಸಮಸ್ಯೆ ಹೊಸದೇನಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದ ಭಾರತೀಯ ಸೈನಿಕರ ಪತ್ರಗಳನ್ನು ಸೆನ್ಸಾರ್ ಮಾಡಲು ಬ್ರಿಟಿಷರು ಒಂದು ಕಚೇರಿಯನ್ನೇ ಇಟ್ಟಿದ್ದರು. ಹಾಗೆ ಓದಿ ಭಾಷಾಂತರಿಸಿದ ಪತ್ರಗಳ ಸಾರ ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಕಂದಕದ ಕಷ್ಟದ ಜೊತೆ ಊರಿನ ಸಾಲ, ಬೆಳೆ, ಮದುವೆ, ಜಮೀನಿನ ವ್ಯಾಜ್ಯದ ಮಾತೂ ಧಾರಾಳವಾಗಿದೆ. ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ 1914ರಲ್ಲಿ ಈಜಿಪ್ಟಿಗೆ ಹೋದವರು, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದವರು. ನಾಲ್ಕು ವರ್ಷ. ಅಷ್ಟರಲ್ಲಿ ಊರಿನ ಜಮೀನು ಯಾರ್ಯಾರ ಕೈಗೆ ಹೋಗಬಹುದು ಅಂತ ಊಹಿಸಲು ವಕೀಲಿಕೆ ಓದಿರಬೇಕಾಗಿಲ್ಲ.

ಬ್ರಿಟಿಷರಿಗೆ ಇದರ ಅಪಾಯ ಅರ್ಥವಾಗಿತ್ತು. ಕರುಣೆಯಿಂದಲ್ಲ, ಸ್ವಾರ್ಥದಿಂದ. ಊರಿನ ಜಮೀನು ಹೋಗುತ್ತೆ ಅನ್ನುವ ಭಯ ಇದ್ದರೆ ಸೈನ್ಯಕ್ಕೆ ಯಾರು ಸೇರುತ್ತಾರೆ? 1918ರಲ್ಲಿ ಒಂದು ಕಾನೂನು ಬಂತು. ಅದನ್ನು ತಿದ್ದಿ 1925ರಲ್ಲಿ ಮಾಡಿದ್ದು ‘ಇಂಡಿಯನ್ ಸೋಲ್ಜರ್ಸ್ ಲಿಟಿಗೇಷನ್ ಆಕ್ಟ್’. ಸ್ವಾತಂತ್ರ್ಯದ ನಂತರವೂ ಅದು ಉಳಿದುಕೊಂಡಿತು, ಇವತ್ತಿಗೂ ಜಾರಿಯಲ್ಲಿದೆ. 2025ಕ್ಕೆ ಸರಿಯಾಗಿ ನೂರು ವರ್ಷ.

ಅದರಲ್ಲಿ ಏನಿದೆ? ಎದುರು ಪಕ್ಷದವನು ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕ ಅಂತ ನಂಬಲು ಕಾರಣ ಇದ್ದರೆ, ದಾವೆ ಹಾಕುವವನು ಅದನ್ನು ವಾದಪತ್ರದಲ್ಲೇ ಬರೆಯಬೇಕು. ಸೈನಿಕನ ಪರ ಯಾರೂ ಇಲ್ಲ ಅಂತ ತಿಳಿದರೆ ಜಿಲ್ಲಾಧಿಕಾರಿಯೇ ಕೋರ್ಟಿಗೆ ಸರ್ಟಿಫಿಕೇಟ್ ಕಳಿಸಬಹುದು. ಆಗ ಕೋರ್ಟ್ ಸೇನೆಯ ಅಧಿಕಾರಿಗಳನ್ನು ವಿಚಾರಿಸಿ ವ್ಯಾಜ್ಯವನ್ನು ಮುಂದೂಡಬೇಕಾಗುತ್ತದೆ. ಅವನಿಲ್ಲದಾಗ ಆದ ಏಕಪಕ್ಷೀಯ ಡಿಕ್ರಿಯನ್ನು ರದ್ದು ಮಾಡಿಸಿಕೊಳ್ಳಲು ದಾರಿಯಿದೆ. ಅವನು ಅಂಥ ಸೇವೆಯಲ್ಲಿದ್ದ ದಿನಗಳನ್ನು ಕಾಲಮಿತಿಯ ಲೆಕ್ಕದಿಂದ ಬಿಡಬೇಕು.

ಈ ಕೊನೆಯದನ್ನು ಇನ್ನೊಮ್ಮೆ ಓದಿ. ಸೈನಿಕನಿಗಾಗಿ ಕಾನೂನು ಗಡಿಯಾರವನ್ನೇ ನಿಲ್ಲಿಸುತ್ತದೆ.

ಇದೊಂದೇ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 28ನೇ ಆರ್ಡರ್ ಪ್ರಕಾರ, ರಜೆ ಸಿಗದ ಸೈನಿಕ ತನ್ನ ಕಮಾಂಡಿಂಗ್ ಆಫೀಸರ್ ಎದುರು ಸಹಿ ಮಾಡಿ, ತನ್ನ ಬದಲು ದಾವೆ ನಡೆಸಲು ಯಾರಿಗಾದರೂ ಅಧಿಕಾರ ಕೊಡಬಹುದು. 1950ರ ಸೇನಾ ಕಾಯ್ದೆ ಪ್ರಕಾರ ಅವನ ಸಂಬಳವನ್ನು ಸಿವಿಲ್ ಕೋರ್ಟ್ ಜಪ್ತಿ ಮಾಡುವಂತಿಲ್ಲ. ಕೇಸಿಗಾಗಿ ರಜೆ ಪಡೆದು ಬಂದರೆ ಆ ರಜೆಯೊಳಗೇ ವಿಚಾರಣೆ ಮುಗಿಸಲು ಕೋರ್ಟ್ ಆದಷ್ಟೂ ಪ್ರಯತ್ನಿಸಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ.

ಕರ್ನಾಟಕವೂ ಹಿಂದೆ ಬಿದ್ದಿಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ, ಉಳುವವನೇ ಹೊಲದೊಡೆಯನಾದ. ಗೇಣಿಗೆ ಕೊಡುವುದೇ ನಿಷೇಧವಾಯಿತು. ಅಷ್ಟು ಖಡಕ್ಕಾದ ಕಾಯ್ದೆಯಲ್ಲೂ ಸೈನಿಕನಿಗೆ ಮತ್ತು ನಾವಿಕನಿಗೆ ವಿನಾಯಿತಿ ಇಟ್ಟರು. ಅವನು ಊರಲ್ಲಿದ್ದು ಉಳಲಾರ, ಹಾಗಂತ ಅವನ ಜಮೀನು ಹೋಗಬಾರದು ಅನ್ನುವ ಲೆಕ್ಕ. 1999ರ ಬಾಡಿಗೆ ಕಾಯ್ದೆಯಲ್ಲೂ ಸೇನೆಯಿಂದ ನಿವೃತ್ತನಾಗಿ ಬಂದವನಿಗೆ ತನ್ನ ಮನೆ ಬೇಗ ಬಿಡಿಸಿಕೊಳ್ಳಲು ಪ್ರತ್ಯೇಕ ಅವಕಾಶ ಇದೆ.

ಒಟ್ಟಿನಲ್ಲಿ ಹಳೆಯ ಕಾನೂನುಗಳಿಗೆ ಸೈನಿಕನ ಗೈರುಹಾಜರಿ ಅನ್ನೋದು ಒಂದು ಗೊತ್ತಿರುವ ಸಂಗತಿ. ಅದಕ್ಕೆ ಹೆಸರಿತ್ತು, ಸರ್ಟಿಫಿಕೇಟ್ ಇತ್ತು, ಪರಿಣಾಮ ಇತ್ತು.

ಹಳೇ ಕೊಡೆ ಎಲ್ಲಿ ಸೋರುತ್ತದೆ

ಹಾಗಾದರೆ ಸಮಸ್ಯೆ ಏನು? ಮೂರು ಕಡೆ ಇದೆ.

ಮೊದಲನೆಯದು, 1925ರ ಕಾಯ್ದೆಯ ರಕ್ಷಣೆ ಸಿಗುವುದು ನಿರ್ದಿಷ್ಟ ಪರಿಸ್ಥಿತಿಗಳಲ್ಲಿ. ‘ಯುದ್ಧ ಪರಿಸ್ಥಿತಿ’ ಅನ್ನುವುದು ಬಹುಮಟ್ಟಿಗೆ ಕೇಂದ್ರ ಸರ್ಕಾರದ ಗೆಜೆಟ್ ಅಧಿಸೂಚನೆ ಮೇಲೆ ನಿಂತಿದೆ. ಆದರೆ ಈಗಿನ ಯುದ್ಧಗಳು ಘೋಷಣೆ ಮಾಡಿಕೊಂಡು ಬರುವುದಿಲ್ಲ. ಮೇ 2025ರದ್ದು ನಾಲ್ಕು ದಿನ. ಅದನ್ನು ಯುದ್ಧ ಅಂತ ಯಾರೂ ಘೋಷಿಸಲಿಲ್ಲ. ಗಡಿಯಲ್ಲಿ ನಿಂತವನಿಗೆ ಆ ಪದದಿಂದ ಏನೂ ವ್ಯತ್ಯಾಸ ಇಲ್ಲ, ಕೋರ್ಟಿನಲ್ಲಿ ವ್ಯತ್ಯಾಸ ಇದೆ. ಜೊತೆಗೆ ಕಾಯ್ದೆಯ ವ್ಯಾಖ್ಯೆಯಲ್ಲಿ ಬರುವವರು ಸೇನೆ, ವಾಯುಪಡೆ, ನೌಕಾಪಡೆಯವರು. ಅದೇ ಗಡಿಯಲ್ಲಿ ನಿಲ್ಲುವ ಬಿಎಸ್‌ಎಫ್‌ನವನು ಅದರಲ್ಲಿಲ್ಲ. ನಾಲ್ಸಾದ ಹೊಸ ಯೋಜನೆ ಅವರನ್ನೂ ಸೇರಿಸಿಕೊಂಡಿದೆ, ಅದು ಒಳ್ಳೆಯದು. ಆದರೆ ಯೋಜನೆ ವಕೀಲನನ್ನು ಕೊಡುತ್ತದೆ, ಗಡಿಯಾರ ನಿಲ್ಲಿಸುವುದಿಲ್ಲ.

ಎರಡನೆಯದು, ಕಾಯ್ದೆಯಲ್ಲೇ ಒಂದು ಕಿಂಡಿ ಇದೆ. ವ್ಯಾಜ್ಯದಲ್ಲಿ ಇನ್ನೊಬ್ಬ ಪಕ್ಷಕಾರನ ಹಿತ ಸೈನಿಕನ ಹಿತದಂತೆಯೇ ಇದ್ದು, ಅವನು ಸರಿಯಾಗಿ ಕೇಸು ನಡೆಸುತ್ತಿದ್ದರೆ ಕೋರ್ಟ್ ಮುಂದುವರಿಯಬಹುದು. ಕೇಳಲು ಸರಿಯಾಗೇ ಇದೆ. ನಮ್ಮ ಉದಾಹರಣೆಯ ಮನೆಯಲ್ಲಿ ಅಣ್ಣನೂ ಪ್ರತಿವಾದಿ, ತಮ್ಮನೂ ಪ್ರತಿವಾದಿ, ಅತ್ತೆಯ ಎದುರು ಇಬ್ಬರ ಹಿತವೂ ಒಂದೇ. ಕಾಗದದ ಮೇಲೆ ಒಂದೇ. ಅಣ್ಣ ಅತ್ತೆಯ ಜೊತೆ ಕೂತು ರಾಜಿಗೆ ತಯಾರಾದ ದಿನ ಒಂದೇ ಇರುತ್ತದೆಯೇ?

ಮೂರನೆಯದೇ ದೊಡ್ಡದು. ಈ ಎಲ್ಲ ರಕ್ಷಣೆ ಇರುವುದು ಸಿವಿಲ್ ಮತ್ತು ರೆವಿನ್ಯೂ ಕೋರ್ಟುಗಳ ಎದುರು. ಇವತ್ತು ಬೆಂಗಳೂರಿನಲ್ಲಿ ಆಸ್ತಿ ಕೈ ತಪ್ಪುವುದು, ಕೆಲಸ ನಿಲ್ಲುವುದು ಕೋರ್ಟಿನಲ್ಲಿ ಮಾತ್ರವಲ್ಲ. ವೆಬ್‌ಸೈಟಿನಲ್ಲಿ.

ಒಟಿಪಿ ಕೇಳುವ ಸರ್ಕಾರ

2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯ. ಮಾಲೀಕರ ಆಧಾರ್ ಇ-ಕೆವೈಸಿ, ಆಸ್ತಿ ತೆರಿಗೆ ಸಂಖ್ಯೆ, ಕ್ರಯಪತ್ರದ ವಿವರ, ಬೆಸ್ಕಾಂ ಸಂಖ್ಯೆ, ಕಟ್ಟಡದ ಫೋಟೋ. ಉದ್ದೇಶ ಚೆನ್ನಾಗಿದೆ. ಒಂದೇ ಸೈಟನ್ನು ಮೂರು ಜನಕ್ಕೆ ಮಾರುವ ಕಲೆಯಲ್ಲಿ ಈ ಊರು ಪಳಗಿದೆ, ಅದಕ್ಕೆ ಕಡಿವಾಣ ಬೇಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದವು. ತಮ್ಮ ಕಡತ ಯಾವ ಕಚೇರಿಯಲ್ಲಿದೆ ಅಂತ ಇಲ್ಲೇ ಇರುವವರೇ ಹುಡುಕಬೇಕಾಯಿತು.

ಈಗ ಕುಪ್ವಾರಕ್ಕೆ ಹೋಗಿ. ಹೊರರಾಜ್ಯದ ಪ್ರೀಪೇಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಡ್‌ಗೆ ಮಾತ್ರ ಅಲ್ಲಿ ರೋಮಿಂಗ್. ಅದು ಭದ್ರತೆಗಾಗಿ ಬಂದ ಹಳೆಯ ನಿಯಮ. ನಮ್ಮ ಹವಾಲ್ದಾರನ ಆಧಾರ್‌ಗೆ ಜೋಡಿಸಿರುವುದು ಬೆಂಗಳೂರಿನ ಪ್ರೀಪೇಡ್ ನಂಬರ್ ಆಗಿದ್ದರೆ, ಒಟಿಪಿ ಅವನಿಗೆ ತಲುಪುವುದೇ ಇಲ್ಲ. ಇದರ ಮೇಲೆ ಮುಂಚೂಣಿ ನೆಲೆಗಳಲ್ಲಿ ಫೋನ್ ಬಳಕೆಗೇ ಮಿತಿ. 2020ರ ಜುಲೈನಲ್ಲಿ ಸೇನೆ ತನ್ನವರಿಗೆ 89 ಆ್ಯಪ್‌ಗಳನ್ನು ಮೊಬೈಲಿನಿಂದ ತೆಗೆದುಹಾಕಲು ಹೇಳಿತ್ತು, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕೂಡ ಅದರಲ್ಲಿದ್ದವು. ಒಂದು ಕಡೆ ‘ಫೋನ್ ದೂರ ಇಡು’ ಅನ್ನುವ ಸರ್ಕಾರ, ಇನ್ನೊಂದು ಕಡೆ ‘ಹತ್ತು ನಿಮಿಷದಲ್ಲಿ ಒಟಿಪಿ ಹಾಕು’ ಅನ್ನುವ ಸರ್ಕಾರ. ಎರಡೂ ಒಂದೇ ದೇಶದ್ದು.

ಇದಕ್ಕೆ ಮನೆಗಳು ಕಂಡುಕೊಳ್ಳುವ ಸಹಜ ಪರಿಹಾರ ಒಂದೇ: ಸಿಮ್ ಬಿಟ್ಟುಹೋಗುವುದು. ಗಂಡನ ನಂಬರು ಹಳೇ ಕೀಪ್ಯಾಡ್ ಫೋನಿನಲ್ಲಿ ಮನೆಯ ಬೀರುವಿನಲ್ಲಿರುತ್ತದೆ. ತಿಂಗಳಿಗೊಮ್ಮೆ ರೀಚಾರ್ಜ್. ಒಟಿಪಿ ಬಂದಾಗ ಹೆಂಡತಿ ನೋಡಿ ಹಾಕುತ್ತಾಳೆ. ಕೆಲಸ ಆಗುತ್ತದೆ.

ನಾನು ಓದಿದ್ದು ಎಂಜಿನಿಯರಿಂಗ್, ಅದಕ್ಕೇ ಇದು ಕಣ್ಣಿಗೆ ಚುಚ್ಚುತ್ತದೆ. ಒಟಿಪಿ ಅನ್ನುವುದು ‘ಮನುಷ್ಯ ಇಲ್ಲಿದ್ದಾನೆ’ ಅಂತ ಸಾಬೀತು ಮಾಡುವುದಿಲ್ಲ, ‘ಸಿಮ್ ಇಲ್ಲಿದೆ’ ಅಂತ ಮಾತ್ರ ಸಾಬೀತು ಮಾಡುತ್ತದೆ. ಸಿಮ್ ಹೆಂಡತಿಯ ಕೈಯಲ್ಲಿದ್ದರೆ ಒಳ್ಳೆಯದು. ಅದೇ ಸಿಮ್ ಭಾಗಕ್ಕೆ ಹೊಂಚು ಹಾಕಿರುವ ನೆಂಟನ ಕೈಗೆ ಸಿಕ್ಕರೂ ಪೋರ್ಟಲ್ ಅಷ್ಟೇ ಸಂತೋಷದಿಂದ ಒಪ್ಪಿಕೊಳ್ಳುತ್ತದೆ. ಪ್ರಾಮಾಣಿಕ ಮನೆ ಸುಳ್ಳು ಹೇಳಿ ಕೆಲಸ ಮಾಡಿಸಿಕೊಳ್ಳಬೇಕು, ಅಪ್ರಾಮಾಣಿಕನಿಗೂ ಅದೇ ಬಾಗಿಲು ತೆರೆದಿರುತ್ತದೆ. ನಾಳೆ ಒಟಿಪಿ ಜಾಗಕ್ಕೆ ಮುಖ ಗುರುತಿಸುವ ವ್ಯವಸ್ಥೆ ಬಂದರೆ ಹೆಂಡತಿಯ ಈ ದಾರಿಯೂ ಮುಚ್ಚುತ್ತದೆ.

‘ಜಿಪಿಎ ಮಾಡಿಕೊಟ್ಟು ಹೋಗಬಹುದಲ್ಲ?’ ಅಂತ ಕೇಳಬಹುದು. ಮಾಡಬಹುದು. ಆದರೆ 1908ರ ನೋಂದಣಿ ಕಾಯ್ದೆ ಪ್ರಕಾರ, ತನ್ನ ಪರವಾಗಿ ದಸ್ತಾವೇಜು ಹಾಜರುಪಡಿಸಲು ಕೊಡುವ ಅಧಿಕಾರಪತ್ರವನ್ನು ತಾನು ವಾಸವಿರುವ ಕಡೆಯ ಸಬ್ ರಿಜಿಸ್ಟ್ರಾರ್ ಎದುರು ಮಾಡಿ ದೃಢೀಕರಿಸಬೇಕು. ಕಮಾಂಡಿಂಗ್ ಆಫೀಸರ್ ಎದುರಿನ ಸಹಿಯನ್ನು ಕೋರ್ಟ್ ನಂಬುತ್ತದೆ, ಸಬ್ ರಿಜಿಸ್ಟ್ರಾರ್ ನಂಬುವುದಿಲ್ಲ. ಒಂದೇ ಸಹಿ, ಒಬ್ಬನೇ ಸೈನಿಕ. ರಜೆ ಅರ್ಧಕ್ಕೆ ನಿಂತ ಮೇ ತಿಂಗಳಲ್ಲಿ ಆ ಅಪಾಯಿಂಟ್‌ಮೆಂಟೂ ತಪ್ಪಿಹೋಗುತ್ತದೆ.

ಜಿಪಿಎಗೆ ಇನ್ನೊಂದು ಗುಣ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಟ್ಟವನು ಸತ್ತ ಕ್ಷಣ ಅದೂ ಸಾಯುತ್ತದೆ. ಕರಾರು ಕಾಯ್ದೆಯ ಸಾಮಾನ್ಯ ನಿಯಮ ಅದು. ಅಂದರೆ ಹೆಂಡತಿಗೆ ಅಧಿಕಾರ ಅತಿ ಹೆಚ್ಚು ಬೇಕಾಗುವ ದಿನವೇ ಅವಳ ಕೈಯಲ್ಲಿರುವ ಕಾಗದ ಬರೀ ಕಾಗದ ಆಗುತ್ತದೆ.

ಹಾಗಂತ ಬಾಗಿಲು ತೆರೆದಿಡಿ ಅಂತಲ್ಲ

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಇದೆ, ಅದನ್ನು ಎದುರಿಸಬೇಕು. ಸೈನಿಕನ ಮನೆ ಅಂತ ನಿಯಮ ಸಡಿಲ ಮಾಡಿದರೆ ಮೊದಲು ಮೋಸ ಹೋಗುವವನು ಸೈನಿಕನೇ. ಅವನ ಆಸ್ತಿಯ ಮೇಲೆ ಕಣ್ಣು ಹಾಕುವವರು ಹೊರಗಿನವರಿಗಿಂತ ಒಳಗಿನವರೇ ಹೆಚ್ಚು. ‘ಅವನು ಹೇಳಿದ್ದಾನೆ, ನಾನು ಅವನ ಪರವಾಗಿ ಬಂದಿದ್ದೇನೆ’ ಅನ್ನುವುದು ಅವರ ಮೊದಲ ಮಾತು. 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜಿಪಿಎ ಮೂಲಕ ಮಾಡುವ ಮಾರಾಟದಿಂದ ಮಾಲೀಕತ್ವ ಸಿಗುವುದಿಲ್ಲ ಅಂತ ಹೇಳಿದ್ದೂ ಇಂಥ ದುರುಪಯೋಗ ನೋಡಿಯೇ.

ಇನ್ನೊಂದು ಬದಿಯೂ ಇದೆ. ದೂರದಿಂದ ಮನೆ ನಡೆಸುವುದು ಯಾವಾಗಲೂ ತ್ಯಾಗದ ಕತೆಯಲ್ಲ. ಕೆಲವು ಮನೆಗಳಲ್ಲಿ ಅದು ಬಿಗಿಹಿಡಿತವೂ ಹೌದು. ಹೆಂಡತಿಗೆ ಖರ್ಚಿಗೂ ಕೊಡದೆ ಎಲ್ಲವನ್ನೂ ಫೋನಿನಲ್ಲೇ ಆಳುವವರಿದ್ದಾರೆ. ಹೆಂಡತಿ-ಮಕ್ಕಳ ಜೀವನಾಂಶವನ್ನು ಸಂಬಳದಿಂದಲೇ ಕಡಿತ ಮಾಡುವ ಅವಕಾಶ ಸೇನಾ ಕಾಯ್ದೆಯಲ್ಲೇ ಇರುವುದು ಸುಮ್ಮನೆ ಅಲ್ಲ. ಅತ್ತೆ, ಸೋದರಿಯರ ನ್ಯಾಯವಾದ ಭಾಗದ ಕೇಸನ್ನು ವರ್ಷಗಟ್ಟಲೆ ಎಳೆಯಲು ‘ಸೈನಿಕ’ ಅನ್ನುವ ಪದ ಗುರಾಣಿ ಆಗಬಾರದು.

ಆದ್ದರಿಂದ ಬೇಕಾಗಿರುವುದು ವಿನಾಯಿತಿ ಅಲ್ಲ. ಬೇಕಾಗಿರುವುದು ಎರಡು: ತಡೆ ಮತ್ತು ಸೀಮಿತ ಅಧಿಕಾರ. ಅವನಿಲ್ಲದಾಗ ದೊಡ್ಡದೇನೂ ಆಗಬಾರದು, ದಿನನಿತ್ಯದ್ದು ಏನೂ ನಿಲ್ಲಬಾರದು.

ಅಮೆರಿಕದವರು ಇದನ್ನು ಹೇಗೆ ಮಾಡಿದ್ದಾರೆ ನೋಡಿ. ಅಲ್ಲಿ 2003ರ ‘ಸರ್ವಿಸ್‌ಮೆಂಬರ್ಸ್ ಸಿವಿಲ್ ರಿಲೀಫ್ ಆಕ್ಟ್’ ಇದೆ. ಸೇವೆಗೆ ಸೇರುವ ಮುಂಚೆ ಮಾಡಿದ ಸಾಲದ ಬಡ್ಡಿ 6 ಪರ್ಸೆಂಟ್ ದಾಟುವಂತಿಲ್ಲ. ಎದುರು ಪಕ್ಷದವನು ಸೇನೆಯಲ್ಲಿದ್ದಾನೋ ಇಲ್ಲವೋ ಅಂತ ಪ್ರಮಾಣಪತ್ರ ಕೊಡದೆ ಏಕಪಕ್ಷೀಯ ತೀರ್ಪು ಪಡೆಯುವಂತಿಲ್ಲ. ಇಷ್ಟರಲ್ಲಿ ಕೆಲವು ನಮ್ಮ 1925ರ ಕಾಯ್ದೆಯಲ್ಲೂ ಇದೆ. ಅವರು ಮಾಡಿದ ಹೆಚ್ಚಿನ ಕೆಲಸ ಒಂದೇ: ರಕ್ಷಣಾ ಇಲಾಖೆ ಒಂದು ವೆಬ್‌ಸೈಟ್ ಇಟ್ಟಿದೆ. ಬ್ಯಾಂಕೋ ವಕೀಲನೋ ಅಲ್ಲಿ ವಿವರ ಹಾಕಿದರೆ ಆ ವ್ಯಕ್ತಿ ಸಕ್ರಿಯ ಸೇವೆಯಲ್ಲಿದ್ದಾನೆಯೇ ಅಂತ ಉತ್ತರ ಬರುತ್ತದೆ. ಕಾನೂನು ಮತ್ತು ಕಂಪ್ಯೂಟರ್ ಅಲ್ಲಿ ಪರಸ್ಪರ ಮಾತಾಡುತ್ತವೆ. ನಮ್ಮಲ್ಲಿ ಕಾನೂನು 1925ರಲ್ಲಿದೆ, ಕಂಪ್ಯೂಟರ್ 2025ರಲ್ಲಿದೆ, ಮಧ್ಯೆ ಯಾರೂ ಇಲ್ಲ.

ಮಾಡಬಹುದಾದದ್ದು

ದೆಹಲಿಗೆ ಕಾಯದೆ ಕರ್ನಾಟಕವೇ ಮಾಡಬಹುದಾದ ಕೆಲಸಗಳಿವೆ. ರೆಸಿಡೆನ್ಸಿ ರಸ್ತೆಗೆ ನಾವು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿಟ್ಟಿದ್ದೇವೆ. ಹೆಸರಿಡುವುದು ಸುಲಭ. ಅದಕ್ಕಿಂತ ಸ್ವಲ್ಪ ಕಷ್ಟದ್ದು ಇವು.

ಒಂದು, ಇ-ಖಾತಾ ಮತ್ತು ಕಾವೇರಿ ತಂತ್ರಾಂಶದಲ್ಲಿ ಒಂದು ‘ತಡೆ’ ಗುರುತು. ಸೈನಿಕನ ಕೋರಿಕೆ ಮತ್ತು ಅವನ ಘಟಕದ ಪತ್ರದ ಆಧಾರದ ಮೇಲೆ ಸೈನಿಕ ಕಲ್ಯಾಣ ಇಲಾಖೆ ಅದನ್ನು ಹಾಕಬೇಕು. ಅದಿರುವಷ್ಟು ದಿನ ಅವನ ಒಪ್ಪಿಗೆ ಇಲ್ಲದೆ ಆ ಆಸ್ತಿಯ ಖಾತೆ ಬದಲಾಗಬಾರದು, ವರ್ಗಾವಣೆ ಆಗಬಾರದು. ‘ಈ ಮನೆಯವನು ಗಡಿಯಲ್ಲಿದ್ದಾನೆ’ ಅಂತ ಊರಿಗೆಲ್ಲ ತೋರಿಸುವ ಅಗತ್ಯವೂ ಇಲ್ಲ, ಅದು ಭದ್ರತೆಗೂ ಒಳ್ಳೆಯದಲ್ಲ. ಹೊರಗೆ ಕಾಣಬೇಕಾದದ್ದು ‘ತಡೆ ಇದೆ’ ಅನ್ನುವ ಎರಡು ಪದ ಮಾತ್ರ. ಡೇಟಾಬೇಸಿನಲ್ಲಿ ಇದಕ್ಕೆ ಬೇಕಾಗುವುದು ಒಂದು ಕಾಲಂ, ಒಂದು ದಿನಾಂಕ.

ಎರಡು, ಗಡಿಯಾರ. ಖಾತೆ ಆಕ್ಷೇಪಣೆಗೆ ಕೊಡುವ ಅವಧಿ ಈಗ ದಿನಗಳ ಲೆಕ್ಕದಲ್ಲಿದೆ. ತಡೆ ಇರುವವರೆಗೆ ಅದು ಓಡಬಾರದು. ದಂಡ, ರಿಯಾಯಿತಿಯ ಗಡುವಿಗೂ ಅದೇ ನ್ಯಾಯ.

ಮೂರು, ಮಾರಾಟ-ಅಡಮಾನ ಬಿಟ್ಟು ಉಳಿದ ಪಾಲಿಕೆ ಕೆಲಸಗಳಿಗೆ ಕಮಾಂಡಿಂಗ್ ಆಫೀಸರ್ ದೃಢೀಕರಿಸಿದ ಅಧಿಕಾರಪತ್ರ ಸಾಕು ಅಂತ ಒಂದು ಸುತ್ತೋಲೆ. ತೆರಿಗೆ ತಿದ್ದುಪಡಿ, ಖಾತೆ ಅರ್ಜಿ, ನೀರು-ವಿದ್ಯುತ್ ಸಂಪರ್ಕ, ಬಾಡಿಗೆ ಕರಾರು. ಹೆಂಡತಿ, ತಾಯಿ ಅಥವಾ ಅವನು ಹೆಸರಿಸಿದವರು ತಮ್ಮದೇ ಹೆಸರಿನಲ್ಲಿ, ತಮ್ಮದೇ ಆಧಾರ್‌ನಲ್ಲಿ ಕೆಲಸ ಮಾಡಬೇಕು. ಗಂಡನ ಸಿಮ್ ಹಿಡಿದುಕೊಂಡು ಗಂಡನಂತೆ ನಟಿಸುವ ಪರಿಸ್ಥಿತಿ ತಪ್ಪಬೇಕು. ಯಾರು ಏನು ಮಾಡಿದರು ಅನ್ನುವ ದಾಖಲೆಯೂ ಆಗ ಸರಿಯಾಗಿರುತ್ತದೆ.

ನಾಲ್ಕು, ಬೆಂಗಳೂರು ನಗರ ಜಿಲ್ಲಾಧಿಕಾರಿಗೆ 1925ರ ಕಾಯ್ದೆ ಕೊಟ್ಟಿರುವ ಅಧಿಕಾರವನ್ನು ನೆನಪಿಸುವುದು. ನಾಲ್ಸಾದ ಕ್ಲಿನಿಕ್ಕಿಗೆ ಬರುವ ಪ್ರತಿ ಮನೆಗೆ ಕೇಳಬೇಕಾದ ಮೊದಲ ಪ್ರಶ್ನೆ ‘ಕೇಸು ಏನು’ ಅಂತಲ್ಲ, ‘ಅವರು ಸೇವೆಯಲ್ಲಿದ್ದಾರೆ ಅಂತ ಕೋರ್ಟಿಗೆ ಯಾರಾದರೂ ಹೇಳಿದ್ದಾರಾ’ ಅಂತ. ದಾವೆ ಹಾಕಿದವರು ಬಸವನಗುಡಿ ವಿಳಾಸ ಮಾತ್ರ ಕೊಟ್ಟು ಸುಮ್ಮನಿದ್ದರೆ, ಕಮಾಂಡಿಂಗ್ ಆಫೀಸರ್ ಮೂಲಕ ಸಮನ್ಸ್ ಕಳಿಸಬೇಕು ಅನ್ನುವ ನಿಯಮ ಇದ್ದೂ ಇಲ್ಲದಂತೆ.

ಉಳಿದದ್ದು ಕೇಂದ್ರದ್ದು. ಶತಮಾನ ಕಂಡ ಕಾಯ್ದೆಯನ್ನು ತಿದ್ದಿ, ಘೋಷಣೆಯಿಲ್ಲದ ಯುದ್ಧಗಳನ್ನೂ ಅರೆಸೇನಾ ಪಡೆಗಳನ್ನೂ ಸೇರಿಸುವುದು. ‘ಕೋರ್ಟ್’ ಅನ್ನುವ ಪದದ ಅರ್ಥವನ್ನು ಪೋರ್ಟಲ್‌ವರೆಗೆ ಹಿಗ್ಗಿಸುವುದು.

1925ರಲ್ಲಿ ಆ ಕಾಯ್ದೆ ಬರೆದವರ ಹತ್ತಿರ ಕಂಪ್ಯೂಟರ್ ಇರಲಿಲ್ಲ. ಎದುರಿನವನು ಸೈನಿಕನಾಗಿದ್ದರೆ ಅರ್ಜಿಯಲ್ಲಿ ಒಂದು ಸಾಲು ಬರೆಯಿರಿ ಅಂದರು, ಅಷ್ಟೆ. ಆ ಒಂದು ಸಾಲು ಬರೆಯಲು ನಮ್ಮ ಇ-ಖಾತಾ ಅರ್ಜಿಯಲ್ಲಿ ಜಾಗ ಇರಬೇಕು. ಅದನ್ನು ಮಾಡಲು ಇನ್ನೊಂದು ಮೇ 7 ಬರುವವರೆಗೆ ಕಾಯುವ ಅಗತ್ಯ ಇಲ್ಲ.